ಕದ್ದವರನ್ನು ಹುಡುಕುವ ಮೊದಲು ಚಿತ್ರ ಯಾರದ್ದು ನೋಡೋಣ

ಪ್ರಶ್ನೆ: ನಾನು ಬಂಟ್ವಾಳ ತಾಲೂಕಿನವನು, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಆರು ವರ್ಷದಿಂದ ಯಕ್ಷಗಾನದ ಚೌಕಿಯಲ್ಲಿ (ಕಲಾವಿದರು ವೇಷ ಹಾಕಿಕೊಳ್ಳುವ ಜಾಗದಲ್ಲಿ) ಕೂತು ಚಿತ್ರ ತೆಗೆಯುತ್ತಿದ್ದೇನೆ. ಅದು ನನ್ನ ಖುಷಿಗೆ. ಲೆನ್ಸಿನ ಸಾಲ ತೀರಲಿ ಎಂದು ರಜಾದಿನಗಳಲ್ಲಿ ಮದುವೆ, ಗೃಹಪ್ರವೇಶಗಳನ್ನೂ ಒಪ್ಪಿಕೊಳ್ಳುತ್ತೇನೆ. ಈ ವರ್ಷ ಮೂರು ಪೆಟ್ಟು ಒಟ್ಟಿಗೆ ಬಿದ್ದಿವೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಕಲಾವಿದರೊಬ್ಬರು ಮುಖಕ್ಕೆ ಚುಟ್ಟಿ (ಅಕ್ಕಿಹಿಟ್ಟಿನ ಚುಕ್ಕಿ) ಇಟ್ಟುಕೊಳ್ಳುತ್ತಿರುವ ನನ್ನ ಚಿತ್ರ ಬೆಂಗಳೂರಿನ ಒಂದು ಯಕ್ಷಗಾನ ಆಟದ ಫ್ಲೆಕ್ಸ್‌ನಲ್ಲಿ ಬಂತು, ಸಂಘಟಕರ ಪೇಜಿನಲ್ಲೂ ಬಂತು, ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ಚಿಕ್ಕ ಸೈಜಿನಲ್ಲಿ ಹಾಕಿದರೆ ಪ್ರಿಂಟ್ ಮಾಡಲಾಗದು ಎಂದು ನಂಬಿದ್ದೆ. 18,000 ರೂಪಾಯಿಗೆ ಮಾಡಿಕೊಟ್ಟ ಮದುವೆಯ ಮದುಮಗಳ ಚಿತ್ರ ಮೊದಲು ಮೇಕಪ್ ಮಾಡಿದವರ ಪೇಜಿನಲ್ಲಿ, ಆಮೇಲೆ ಒಂದು ಸೀರೆ ಅಂಗಡಿಯ ಜಾಹೀರಾತಿನಲ್ಲಿ ಕಂಡಿತು. ಅಕ್ಕನ ಮಗನ ಉಪನಯನದಲ್ಲಿ ದುಡ್ಡು ತೆಗೆದುಕೊಳ್ಳದೆ ತೆಗೆದ ಊಟದ ಪಂಕ್ತಿಯ ಚಿತ್ರವನ್ನು ಅಡುಗೆಯ ಕಾಂಟ್ರಾಕ್ಟರ್ ತನ್ನ ಪ್ರಚಾರಕ್ಕೆ ಬಳಸಿದ್ದಾನೆ. ಮೂವರ ಮೇಲೂ ಕೇಸ್ ಹಾಕಬಹುದೇ? ಇನ್ನು ಮುಂದೆ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಹಾಕುವುದನ್ನೇ ಬಿಡಲೇ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಚೌಕಿಯ ಚಿತ್ರ ನಿಸ್ಸಂಶಯವಾಗಿ ನಿಮ್ಮದು. ಉಪನಯನದ್ದು ಬಹುಮಟ್ಟಿಗೆ ನಿಮ್ಮದು. ನಿಮಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ಸೀರೆ ಅಂಗಡಿಯ ಮೇಲೆ, ಅದು ಪತ್ರದಲ್ಲೇ ಗೊತ್ತಾಗುತ್ತದೆ. ಆ ಚಿತ್ರ ಮಾತ್ರ ಕಾನೂನಿನ ಲೆಕ್ಕದಲ್ಲಿ ನಿಮ್ಮದಲ್ಲ.

ಈ ಮಾತು ಹೇಳಿದಾಗ ಹೆಚ್ಚಿನ ಛಾಯಾಗ್ರಾಹಕರು ನನ್ನ ಮುಖವನ್ನೇ ನೋಡುತ್ತಾರೆ. ಕ್ಯಾಮೆರಾ ನನ್ನದು, ಕಣ್ಣು ನನ್ನದು, ಬಟನ್ ಒತ್ತಿದ ಬೆರಳು ನನ್ನದು, ಮತ್ತೆ ಚಿತ್ರ ಇನ್ಯಾರದ್ದು ಎನ್ನುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯಿದೆ ಇದನ್ನು ಅರ್ಧ ಒಪ್ಪುತ್ತದೆ. ಚಿತ್ರ ತೆಗೆದವನೇ ಅದರ ಕರ್ತೃ, ಸಾಮಾನ್ಯವಾಗಿ ಕರ್ತೃವೇ ಮೊದಲ ಮಾಲೀಕ. ಆದರೆ ಸೆಕ್ಷನ್ 17ರಲ್ಲಿ ಒಂದು ವಿನಾಯಿತಿ ಇದೆ. ಯಾರಾದರೂ ಹೇಳಿ, ಪ್ರತಿಫಲ ಕೊಟ್ಟು ಚಿತ್ರ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಮಾಲೀಕರು ತೆಗೆಸಿದವರೇ. ಮದುವೆಯ ಮನೆಯವರು 18,000 ಕೊಟ್ಟರು, ನೀವು ತೆಗೆದುಕೊಂಡಿರಿ, ಕಾಗದ ಮಾಡಿಕೊಂಡಿರಲಿಲ್ಲ. ಹಾಗಾಗಿ ಮಾಲೀಕತ್ವ ಅವತ್ತೇ ಅವರ ಕಡೆ ಹೋಯಿತು. ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ನಿಮ್ಮ ಹಾರ್ಡ್ ಡಿಸ್ಕಿನಲ್ಲಿದ್ದ ಮಾತ್ರಕ್ಕೆ ಅದು ವಾಪಸ್ ಬರುವುದಿಲ್ಲ.

ಈ ತಪ್ಪು ತಿಳಿವಳಿಕೆ ನಮ್ಮ ಸ್ಟುಡಿಯೋ ಕಾಲದಿಂದ ಬಂದದ್ದು. ಆಗ ಪ್ರಿಂಟಿನ ಬೆನ್ನಿಗೆ ನೆಗೆಟಿವ್ ನಂಬರಿನ ಸೀಲು ಹೊಡೆಯುತ್ತಿದ್ದೆವು, ನೆಗೆಟಿವ್ ನಮ್ಮ ಕಪಾಟಿನಲ್ಲೇ ಉಳಿಯುತ್ತಿತ್ತು. ಇನ್ನೊಂದು ಪ್ರತಿ ಬೇಕಾದವರು ನಮ್ಮ ಬಾಗಿಲಿಗೇ ಬರಬೇಕಾಗಿತ್ತು. ನೆಗೆಟಿವ್ ಇಟ್ಟುಕೊಂಡವನೇ ಯಜಮಾನ ಎಂದು ನಾವೂ ನಂಬಿದ್ದೆವು, ಗಿರಾಕಿಗಳೂ ನಂಬಿದ್ದರು. ನಾನು ಪಾಠ ಕಲಿತದ್ದು ಮಲೆನಾಡಿನ ನನ್ನ ಅಂಗಡಿಯ ಶೋಕೇಸಿನಿಂದ. ಒಬ್ಬಳು ಮದುಮಗಳ ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಯಾರನ್ನೂ ಕೇಳದೆ ಹದಿನೈದು ಇಂಚಿಗೆ ದೊಡ್ಡದು ಮಾಡಿಸಿ, ಟ್ಯೂಬ್‌ಲೈಟ್ ಕೆಳಗೆ ನೇತು ಹಾಕಿದೆ. ಎರಡು ತಿಂಗಳಾದ ಮೇಲೆ ಹುಡುಗಿಯ ತಂದೆ ಬಂದರು. ಜಗಳ ಆಡಲಿಲ್ಲ. ‘ಬಸ್‌ಸ್ಟ್ಯಾಂಡಿಗೆ ಹೋಗುವವರೆಲ್ಲ ನಿಂತು ನೋಡ್ತಾರಂತೆ, ಅಳಿಯಂದಿರು ಕೇಳಿದರು’ ಅಂದರು, ಅಷ್ಟೆ. ನಾನು ಅವರೆದುರೇ ಚಿತ್ರ ಇಳಿಸಿ ಕಾಗದದಲ್ಲಿ ಸುತ್ತಿ ಕೊಟ್ಟೆ. ಕಾಪಿರೈಟಿನ ಮಟ್ಟಿಗೂ, ಆ ಹುಡುಗಿಯ ಖಾಸಗಿತನದ ಮಟ್ಟಿಗೂ ತಪ್ಪು ನನ್ನದೇ ಎಂದು ಗೊತ್ತಾದದ್ದು ವರ್ಷಗಳ ನಂತರ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ತೀರ್ಪು ಓದುವಾಗ ನನಗೆ ಆ ತಂದೆಯ ನೆನಪಾಯಿತು.

ಈಗ ನಿಮ್ಮ ಮದುಮಗಳ ಚಿತ್ರಕ್ಕೆ ಬರುತ್ತೇನೆ. ಮೇಕಪ್ ಮಾಡಿದವರಿಗೆ ಚಿತ್ರ ಕೊಟ್ಟವರು ಯಾರು ಎಂದು ಮೊದಲು ವಿಚಾರಿಸಿ. ಬಹಳ ಸಲ ಮದುಮಗಳೇ ಖುಷಿಯಿಂದ ಕಳಿಸಿರುತ್ತಾಳೆ. ಹಾಗಿದ್ದರೆ ಅಲ್ಲಿ ಕಳ್ಳತನವೇ ಇಲ್ಲ. ಸೀರೆ ಅಂಗಡಿಯ ಕಥೆ ಬೇರೆ, ಅವರು ಅವಳ ಮುಖ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದಾರೆ. ಅಲ್ಲಿ ದೂರು ಕೊಡುವ ಹಕ್ಕು ಮೊದಲು ಅವಳದ್ದು, ಆ ಮನೆಯವರದ್ದು. ನೀವು ನೇರವಾಗಿ ಅಂಗಡಿಗೆ ವಕೀಲರ ನೋಟಿಸ್ ಕೊಟ್ಟು, ಆಮೇಲೆ ಮಾಲೀಕರು ನೀವಲ್ಲ ಎಂದಾದರೆ ಪೆಟ್ಟು ತಿರುಗಿ ನಿಮಗೇ ಬೀಳಬಹುದು. ಆಧಾರವಿಲ್ಲದ ಕಾಪಿರೈಟ್ ಬೆದರಿಕೆ ಹಾಕಿದವರ ಮೇಲೆ ಎದುರು ದಾವೆ ಹೂಡಲು ಸೆಕ್ಷನ್ 60ರಲ್ಲಿ ಅವಕಾಶವಿದೆ.

ಹಾಗಂತ ನೀವು ಬರಿಗೈ ಅಲ್ಲ. ಮಾಲೀಕತ್ವ ಬೇರೆಯವರ ಕೈಗೆ ಹೋದರೂ ‘ಇದನ್ನು ತೆಗೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಸೆಕ್ಷನ್ 57ರ ಪ್ರಕಾರ ಕರ್ತೃವಿನಲ್ಲೇ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಮದುವೆ ಮನೆಗೆ ಹೋಗಿ, ಸೀರೆ ಅಂಗಡಿಯ ಸಂಗತಿ ತಿಳಿಸಿ. ಅವರಿಗೂ ಬೇಡವಾಗಿದ್ದರೆ ದೂರು ಅವರ ಹೆಸರಿನಲ್ಲೇ ಹೋಗಲಿ, ಸಾಕ್ಷಿ ನೀವಾಗಿ. ಅಥವಾ ಆ ಚಿತ್ರಗಳ ಕಾಪಿರೈಟನ್ನು ನಿಮಗೆ ಬರೆದುಕೊಡಲು ಕೇಳಿ. ಮಾಲೀಕತ್ವ ವರ್ಗಾಯಿಸುವುದಿದ್ದರೆ ಕೊಡುವವರ ಸಹಿ ಇರುವ ಲಿಖಿತ ಪತ್ರವೇ ಬೇಕು, ಬಾಯಿಮಾತು ನಡೆಯುವುದಿಲ್ಲ. ಅದರಲ್ಲಿ ಎಷ್ಟು ಕಾಲ, ಯಾವ ಪ್ರದೇಶ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದು ಓದುತ್ತದೆ.

ಮುಂದಿನ ಮದುವೆಗೆ ಇಷ್ಟೆಲ್ಲ ರಗಳೆ ಬೇಡ. ಅಡ್ವಾನ್ಸ್ ತೆಗೆದುಕೊಳ್ಳುವ ರಸೀದಿಯ ಕೆಳಗೆ ನಾಲ್ಕು ಸಾಲು ಹಾಕಿ, ಎರಡೂ ಕಡೆಯವರು ಸಹಿ ಮಾಡಿ. ನಾನು ಬಳಸುವ ಸಾಲುಗಳು ಹೀಗಿವೆ: ‘ಈ ಕಾರ್ಯಕ್ರಮದ ಚಿತ್ರಗಳ ಕಾಪಿರೈಟ್ ಛಾಯಾಗ್ರಾಹಕರದ್ದು. ಮನೆಯವರು ತಮ್ಮ ಬಳಕೆಗೆ ಎಷ್ಟು ಬೇಕಾದರೂ ಪ್ರಿಂಟ್ ಮಾಡಿಸಬಹುದು, ಹಂಚಿಕೊಳ್ಳಬಹುದು. ವ್ಯಾಪಾರದ ಬಳಕೆಗೆ ಇಬ್ಬರ ಒಪ್ಪಿಗೆಯೂ ಬೇಕು. ಛಾಯಾಗ್ರಾಹಕರು ತಮ್ಮ ಕೆಲಸದ ಮಾದರಿಯಾಗಿ ಮನೆಯವರು ಆರಿಸಿ ಒಪ್ಪಿದ ಚಿತ್ರಗಳನ್ನು ಮಾತ್ರ ತೋರಿಸಬಹುದು.’ ಕೊನೆಯ ಸಾಲನ್ನು ಬಿಡಬೇಡಿ. ಅದನ್ನು ಓದಿದ ಮೇಲೆಯೇ ಮನೆಯ ಹಿರಿಯರು ಮೊದಲ ಸಾಲಿಗೆ ತಲೆ ಅಲ್ಲಾಡಿಸುವುದು. ಅಂದಹಾಗೆ, ನೀವು ಸಂಘದ ನೌಕರರು. ಹೊರಗಿನ ಸಂಪಾದನೆಗೆ ನಿಮ್ಮ ಸೇವಾ ನಿಯಮ ಏನು ಹೇಳುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಎದುರು ಪಕ್ಷದ ವಕೀಲರು ಅದನ್ನು ನೋಡದೆ ಬಿಡುವುದಿಲ್ಲ.

ಉಪನಯನದ್ದು ಚಿಕ್ಕ ಸಂಗತಿ. ದುಡ್ಡಿಲ್ಲ, ಹಾಗಾಗಿ ಪ್ರತಿಫಲವಿಲ್ಲ, ಹಾಗಾಗಿ ಚಿತ್ರ ನಿಮ್ಮದು. ಊಟ ಹಾಕಿದರು, ಶಾಲು ಹೊದೆಸಿದರು ಎಂದು ಯಾರಾದರೂ ತಕರಾರು ತೆಗೆದರೆ, ಅದು ನೆಂಟರಿಗೆ ಮಾಡುವ ಉಪಚಾರ, ಕೆಲಸಕ್ಕೆ ಕೊಟ್ಟ ಸಂಭಾವನೆಯಲ್ಲ ಎನ್ನಿ. (ಪೆಟ್ರೋಲಿಗೆಂದು ಮೊದಲೇ ಮಾತಾಡಿ ಹಣ ತೆಗೆದುಕೊಂಡಿದ್ದರೆ ವಾದ ಸ್ವಲ್ಪ ಅಲ್ಲಾಡುತ್ತದೆ.) ಆದರೆ ಬಾಳೆಲೆ ಮುಂದೆ ಕೂತವರೆಲ್ಲ ನಿಮ್ಮ ನೆಂಟರು, ಬಡಿಸುತ್ತಿದ್ದವನು ಆ ಕಾಂಟ್ರಾಕ್ಟರನ ಕಡೆಯವನೇ. ಒಂದು ಫೋನ್ ಮಾಡಿ, ಹೆಸರು ಹಾಕಿಸಿ ಇಲ್ಲವೇ ತೆಗೆಸಿ, ಮುಗಿಸಿಬಿಡಿ. ನಾಳೆ ನಿಮ್ಮ ಮನೆಯ ಕಾರ್ಯಕ್ಕೂ ಅಡುಗೆಗೆ ಅವನೇ ಬರಬಹುದು.

ಇನ್ನು ಚೌಕಿಯ ಚಿತ್ರ. ಯಾರೂ ಹೇಳಿ ತೆಗೆಸಿದ್ದಲ್ಲ, ಯಾರೂ ದುಡ್ಡು ಕೊಟ್ಟಿಲ್ಲ, ರಾತ್ರಿ ನಿದ್ದೆಗೆಟ್ಟವರು ನೀವು. ಈ ಹಕ್ಕು ನಿಮ್ಮ ಜೀವಿತಕಾಲಕ್ಕೆ, ಆಮೇಲೆ 60 ವರ್ಷಕ್ಕೆ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಒಂದು ಕೃತಿಗೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿದರೆ ಪ್ರಮಾಣಪತ್ರ ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಷ್ಟೆ. ಆರು ವರ್ಷದ ಸಾವಿರಾರು ಚಿತ್ರಗಳಿಗೆ ಇದನ್ನು ಮಾಡಲು ಹೊರಟರೆ ಲೆನ್ಸಿನ ಜತೆ ಇನ್ನೊಂದು ಸಾಲವಾದೀತು. ಜನ ಮತ್ತೆ ಮತ್ತೆ ಎತ್ತಿಕೊಳ್ಳುವ ನಾಲ್ಕೈದಕ್ಕೆ ಮಾತ್ರ ಮಾಡಿಸಿ.

ಸಂಘಟಕರು ಹೇಳುವುದು ನನಗೆ ಈಗಲೇ ಕೇಳಿಸುತ್ತದೆ. ‘ನಮ್ಮದು ಕಲಾಸೇವೆ, ಪ್ರವೇಶ ಉಚಿತ, ನಿಮ್ಮ ಚಿತ್ರಕ್ಕೂ ಪ್ರಚಾರ ಆಯ್ತಲ್ಲ.’ ಹೆಸರು ಕತ್ತರಿಸಿದ ಮೇಲೆ ಯಾರಿಗೆ ಪ್ರಚಾರ? ಸುದ್ದಿಯ ವರದಿಗೆ, ವಿಮರ್ಶೆಗೆ, ಸ್ವಂತ ಅಧ್ಯಯನಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸಲು ಸೆಕ್ಷನ್ 52 ಬಿಡುತ್ತದೆ. ಆಟದ ಪ್ರಚಾರದ ಫ್ಲೆಕ್ಸ್ ಆ ಪಟ್ಟಿಯಲ್ಲಿಲ್ಲ. ಲಾಭವಿಲ್ಲದ ಬಳಕೆ ಎಂದಾದರೆ ಕ್ರಿಮಿನಲ್ ಶಿಕ್ಷೆಯ ಪ್ರಮಾಣದಲ್ಲಿ ಕೋರ್ಟ್ ರಿಯಾಯಿತಿ ತೋರಬಹುದು, ಉಲ್ಲಂಘನೆ ಮಾತ್ರ ಉಲ್ಲಂಘನೆಯೇ.

ಹೆಸರಿನ ವಾಟರ್‌ಮಾರ್ಕ್ ಬಗ್ಗೆ ಒಂದು ಮಾತು. ಅದು ಬೀಗ ಎಂದು ತಿಳಿದು ನಿರಾಶರಾಗಿದ್ದೀರಿ. ಮೂಲೆಯ ಹೆಸರು ಕತ್ತರಿಸಲು ಹತ್ತು ಸೆಕೆಂಡು ಸಾಕು, ನಡುವೆ ಹಾಕಿದ್ದನ್ನು ಅಳಿಸಲು ಈಗ ಮೊಬೈಲ್ ಆ್ಯಪ್ ಇದೆ. ಅದರ ಬೆಲೆ ಇರುವುದು ಬೇರೆ ಕಡೆ. ಕರ್ತೃವಿನ, ಮಾಲೀಕರ ಹೆಸರಿನ ವಿವರವನ್ನು ಅನುಮತಿಯಿಲ್ಲದೆ, ಗೊತ್ತಿದ್ದೂ ತೆಗೆದುಹಾಕುವುದು 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 65ಬಿ ಪ್ರಕಾರ ಪ್ರತ್ಯೇಕ ಅಪರಾಧ, 2 ವರ್ಷದವರೆಗೆ ಸಜೆಯಿದೆ. ‘ಯಾರದ್ದೋ ಗೊತ್ತಿರಲಿಲ್ಲ, ಗೂಗಲ್‌ನಲ್ಲಿ ಸಿಕ್ಕಿತು’ ಎನ್ನುವವನ ಬಾಯಿಗೆ ಆ ಕತ್ತರಿಸಿದ ಮೂಲೆಯೇ ಉತ್ತರ.

ಚಿಕ್ಕ ಸೈಜಿನಲ್ಲಿ ಹಾಕಿದರೆ ಪ್ರಿಂಟ್ ಮಾಡಲಾಗದು ಎಂಬ ನಂಬಿಕೆಯೂ ನಿಮ್ಮ ಪತ್ರದಲ್ಲಿದೆ. ಆಲ್ಬಂ ಪ್ರಿಂಟಿಗೆ ಅದು ನಿಜ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 1080 ಪಿಕ್ಸೆಲ್ ಅಗಲದ ಚಿತ್ರ ಮೂರೂವರೆ ಇಂಚಿನ ಸುತ್ತ ನಿಲ್ಲುತ್ತದೆ. ಫ್ಲೆಕ್ಸನ್ನು ಯಾರೂ ಮೂಗಿಗೆ ತಾಗಿಸಿ ನೋಡುವುದಿಲ್ಲ, ರಸ್ತೆಯ ಆಚೆಯಿಂದ ನೋಡುತ್ತಾರೆ. ಅದಕ್ಕೆ ಇಂಚಿಗೆ 30 ಪಿಕ್ಸೆಲ್ ಇದ್ದರೂ ನಡೆದುಹೋಗುತ್ತದೆ. ಅದೇ 1080 ಪಿಕ್ಸೆಲ್ ಆಗ ಮೂರು ಅಡಿ ಅಗಲವಾಗುತ್ತದೆ. ನಿಮಗೆ ಆದದ್ದು ಇದೇ.

ಕೆಲಸ ಶುರುಮಾಡುವುದು ಸಿಟ್ಟಿನ ಕಮೆಂಟಿನಿಂದ ಅಲ್ಲ. ಕಮೆಂಟ್ ಹಾಕಿದ ಗಳಿಗೆಯಲ್ಲೇ ಅವರು ಪೋಸ್ಟ್ ಅಳಿಸುತ್ತಾರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಲಿಂಕ್, ತಾರೀಕು, ಪೇಜಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಲಿಂಕಿನಿಂದ ಹಿಡಿದು ಚಿತ್ರದವರೆಗೆ ಒಂದು ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಬೆಂಗಳೂರಿನ ಗೆಳೆಯರಿಗೆ ಹೇಳಿ ಫ್ಲೆಕ್ಸ್ ನಿಂತ ಜಾಗದ ಚಿತ್ರ ತೆಗೆಸಿ, ಕೆಳಗಿನ ಅಂಚಿನಲ್ಲಿ ಮುದ್ರಿಸಿದವರ ಹೆಸರು ಇರುತ್ತದೆ, ಅದೂ ಕಾಣಲಿ. ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಚಿತ್ರ ಹಾಕಿ ಹುಡುಕಿ, ಇನ್ನೂ ಎಲ್ಲೆಲ್ಲಿ ಹೋಗಿದೆ ಎಂದು ತಿಳಿಯುತ್ತದೆ.

ನಿಮ್ಮದು ಎಂದು ತೋರಿಸುವ ಪುರಾವೆ ರಾ ಫೈಲ್. ಅದಕ್ಕಿಂತ ಗಟ್ಟಿ ಪುರಾವೆ ಅದರ ಅಕ್ಕಪಕ್ಕದ ಫ್ರೇಮುಗಳು. ಎತ್ತಿಕೊಂಡವನ ಹತ್ತಿರ ಒಂದೇ ಚಿತ್ರ ಇರುತ್ತದೆ. ನಿಮ್ಮ ಹತ್ತಿರ ಕಲಾವಿದರು ಕನ್ನಡಿ ಸರಿಮಾಡಿಕೊಂಡದ್ದು, ಮೊದಲ ಚುಟ್ಟಿ ಇಟ್ಟದ್ದು, ಯಾರೋ ಚಹಾ ತಂದುಕೊಟ್ಟದ್ದು ಎಲ್ಲ ಸಾಲಾಗಿ ಇದೆ. ಅದಕ್ಕೇ ಹೇಳುವುದು, ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಡಿಲೀಟ್ ಮಾಡಬೇಡಿ. ಕೋರ್ಟಿಗೆ ಹೋದರೆ ಈ ಫೈಲುಗಳ ಜತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಹಳೆಯ ಸಾಕ್ಷ್ಯ ಕಾಯಿದೆಯಲ್ಲಿ ಅದು ಸೆಕ್ಷನ್ 65ಬಿ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಮೇಲೆ ಹೇಳಿದ ಕಾಪಿರೈಟ್ ಕಾಯಿದೆಯ 65ಬಿಗೂ ಇದಕ್ಕೂ ಸಂಬಂಧವಿಲ್ಲ. ಇವೆರಡನ್ನು ಗೊಂದಲ ಮಾಡಿಕೊಂಡ ನೋಟಿಸುಗಳನ್ನೂ ನಾನು ನೋಡಿದ್ದೇನೆ.

ಪುರಾವೆ ಕೈಯಲ್ಲಿದ್ದ ಮೇಲೆ ಫೋನ್ ಮಾಡಿ. ನನ್ನ ಅನುಭವದಲ್ಲಿ ಇಂಥ ಕೆಲಸ ಮಾಡುವವರು ಸಂಘಟಕರಲ್ಲ, ಫ್ಲೆಕ್ಸ್ ಅಂಗಡಿಯ ಡಿಸೈನರ್ ಹುಡುಗ. ‘ಒಂದು ಒಳ್ಳೆ ಬಣ್ಣದ ವೇಷ ಹಾಕಪ್ಪ’ ಎಂದಿರುತ್ತಾರೆ, ಅವನು ಹುಡುಕಿ ಹಾಕಿರುತ್ತಾನೆ. ಜವಾಬ್ದಾರಿಯಿಂದ ಇದು ಸಂಘಟಕರನ್ನು ಬಿಡಿಸುವುದಿಲ್ಲ, ಆದರೆ ಮಾತಿನ ಧಾಟಿ ಬದಲಿಸುತ್ತದೆ. ಫೋನಿನ ಬೆನ್ನಿಗೇ ಹೀಗೊಂದು ಸಂದೇಶ ಕಳಿಸಿ: ‘ನಮಸ್ಕಾರ. ತಮ್ಮ ಕಾರ್ಯಕ್ರಮದ ಫ್ಲೆಕ್ಸ್‌ನಲ್ಲೂ ಪೇಜಿನಲ್ಲೂ ಬಳಸಿರುವ ಚಿತ್ರ ನಾನು ತೆಗೆದದ್ದು, ಮೂಲ ಫೈಲ್ ನನ್ನಲ್ಲಿದೆ. ನನ್ನ ಹೆಸರು ತೆಗೆದು, ಅನುಮತಿ ಇಲ್ಲದೆ ಬಳಸಲಾಗಿದೆ. ಏಳು ದಿನದೊಳಗೆ ಪೇಜಿನಲ್ಲಿ ಹೆಸರು ಸೇರಿಸಿ, ಬಳಕೆಯ ಶುಲ್ಕ ಇಂತಿಷ್ಟು ಪಾವತಿಸಬೇಕಾಗಿ ವಿನಂತಿ. ಇಲ್ಲದಿದ್ದರೆ ಚಿತ್ರ ತೆಗೆಸುವ ಕ್ರಮ ಕೈಗೊಳ್ಳುತ್ತೇನೆ.’ ಶುಲ್ಕ ಎಷ್ಟು? ಅವರು ಮೊದಲೇ ಬಂದು ಕೇಳಿದ್ದರೆ ಎಷ್ಟು ಹೇಳುತ್ತಿದ್ದಿರೋ ಅಷ್ಟು. ಲಕ್ಷ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಏಳು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಕಾಪಿರೈಟ್ ದೂರಿನ ಫಾರಂ ತುಂಬಿ. ಇದಕ್ಕೆ ವಕೀಲರು ಬೇಡ. ಮಾಲೀಕರು ಅಥವಾ ಅವರು ಅಧಿಕಾರ ಕೊಟ್ಟವರು ಮಾತ್ರ ತುಂಬಬಹುದು, ಹಾಗಾಗಿ ಮದುಮಗಳ ಚಿತ್ರಕ್ಕೆ ನೀವಾಗಿ ತುಂಬಬೇಡಿ. ನಿಮ್ಮ ಹೆಸರು, ಇಮೇಲ್ ಎದುರಿನವರಿಗೆ ಹೋಗಬಹುದು, ಇದಕ್ಕೆಂದೇ ಒಂದು ಪ್ರತ್ಯೇಕ ಇಮೇಲ್ ಇಟ್ಟುಕೊಳ್ಳಿ. ನಮ್ಮ ಕಾನೂನಿನ ದಾರಿಯೂ ಇದೆ. ಕಾಪಿರೈಟ್ ನಿಯಮ 75ರಂತೆ ಲಿಖಿತ ದೂರು ಕೊಟ್ಟರೆ ಜಾಲತಾಣದವರು 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆದರೆ 21 ದಿನದೊಳಗೆ ಕೋರ್ಟಿನ ಆದೇಶ ತಂದು ತೋರಿಸದಿದ್ದರೆ ಅವರು ಚಿತ್ರವನ್ನು ಮತ್ತೆ ತೆರೆಯಬಹುದು. ದಾವೆ ಹೂಡಲು ನೀವು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಲು ಸೆಕ್ಷನ್ 62 ಬಿಡುತ್ತದೆ.

ಪೊಲೀಸ್ ದೂರು? ಕಾಪಿರೈಟ್ ಕಾಯಿದೆಯ ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷದ ಸಜೆ, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟು ದೊಡ್ಡ ಕತ್ತಿಯನ್ನು ಒಂದು ಫ್ಲೆಕ್ಸಿಗೆ ಎತ್ತಬೇಕೇ ಎಂದು ನನ್ನನ್ನು ಕೇಳಿದರೆ, ಬೇಡ. ನಿಮ್ಮ ಚಿತ್ರಗಳನ್ನೇ ಕ್ಯಾಲೆಂಡರ್ ಮಾಡಿ ಮಾರುವವನು ಸಿಕ್ಕಿದರೆ ಎತ್ತಿ.

ಅಪ್‌ಲೋಡ್ ಬಿಡುವ ಮಾತು ನನಗೆ ಹಿಡಿಸಲಿಲ್ಲ. ಆರು ವರ್ಷದ ಕೆಲಸವನ್ನು ದಿನಕ್ಕೊಂದರಂತೆ ಬಿಡಿಬಿಡಿಯಾಗಿ ಹಾಕುತ್ತಿದ್ದೀರಿ, ಅದೇ ತೊಂದರೆ. ಬಿಡಿ ಚಿತ್ರಕ್ಕೆ ಅಪ್ಪ ಅಮ್ಮ ಇರುವುದಿಲ್ಲ. ಮೂವತ್ತು ನಲವತ್ತು ಚಿತ್ರ ಆರಿಸಿ, ಪ್ರತಿಯೊಂದಕ್ಕೂ ಯಾವ ಊರಿನ ಆಟ, ಯಾವ ಪ್ರಸಂಗ, ಯಾವ ವೇಷ, ಯಾವ ದಿನ ಎಂದು ಬರೆದು, ಒಂದು ಸರಣಿಯಾಗಿ ಜೋಡಿಸಿ. ಊರಿನ ಸಭಾಭವನದಲ್ಲಿ ಒಂದು ದಿನ ಗೋಡೆಗೆ ಹಾಕಿ. ಚಿತ್ರದಲ್ಲಿರುವ ಕಲಾವಿದರಿಗೆ ಒಂದೊಂದು ಪ್ರಿಂಟ್ ಕೊಡಿ. ನೀವು ಈವರೆಗೆ ಕೊಟ್ಟಿದ್ದೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಫ್ಲೆಕ್ಸ್‌ನಲ್ಲಿ ನಿಮ್ಮ ಹೆಸರಿಲ್ಲ ಎಂದು ನೀವು ನೊಂದುಕೊಂಡಿದ್ದೀರಿ, ನಿಮ್ಮ ಪೋಸ್ಟ್‌ನಲ್ಲಿ ಆ ಬಣ್ಣದ ವೇಷದವರ ಹೆಸರೂ ಇರಲಿಲ್ಲ, ನಾನು ನೋಡಿದೆ. ಅವರು ನಿಮ್ಮ ಪರ ನಿಂತರೆ ಸಂಘಟಕರ ಎದುರು ಅದು ಯಾವ ನೋಟಿಸಿಗಿಂತಲೂ ಹೆಚ್ಚು ನಡೆಯುತ್ತದೆ. ಮುಂದಿನ ಆಟಕ್ಕೆ ಅವರನ್ನೇ ಕರೆಯಬೇಕಲ್ಲ.

ಇನ್ನೊಂದು. ನೀವು ಪುರಾವೆ ಎಂದು ಕಳಿಸಿದ ಮೂಲ ಫೈಲನ್ನು ತೆರೆದು ನೋಡಿದೆ. ಕ್ಯಾಮೆರಾ ಮಾಡೆಲ್ ಇದೆ, ಸೀರಿಯಲ್ ನಂಬರ್ ಇದೆ. ಕರ್ತೃವಿನ ಹೆಸರಿನ ಜಾಗ ಖಾಲಿ. ತಾರೀಕಿನ ಜಾಗದಲ್ಲಿ 2016ರ ಜನವರಿ 1, ಮಧ್ಯರಾತ್ರಿ 12 ಗಂಟೆ 40 ನಿಮಿಷ ಎಂದಿದೆ. ನೀವು ಚೌಕಿಗೆ ಹೋಗಲು ಶುರುಮಾಡಿದ್ದು ಆರು ವರ್ಷದ ಹಿಂದೆ. ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಹಿಂದಕ್ಕೆ ಹೋದ ಮೇಲೆ ನೀವು ಸರಿಮಾಡಿಯೇ ಇಲ್ಲ. ಆ ಫೈಲನ್ನು ಈಗ ತಿದ್ದಲು ಹೋಗಬೇಡಿ, ಇದ್ದ ಹಾಗೇ ಇರಲಿ. ಆ ರಾತ್ರಿ ಮೊಬೈಲಿನಲ್ಲಿ ತೆಗೆದದ್ದು ಏನಾದರೂ ಇದ್ದರೆ, ಆಟದ ಕರಪತ್ರ ಇದ್ದರೆ, ಅದರ ಜತೆ ತೆಗೆದಿಡಿ. ಪತ್ತನಾಜೆ (ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ, ಮತ್ತೆ ಹೊರಡಲು ದೀಪಾವಳಿ ಕಳೆಯಬೇಕು. ಅಷ್ಟರೊಳಗೆ ಮೆನುವಿನಲ್ಲಿ ತಾರೀಕು ಸರಿಮಾಡಿ, ಕಾಪಿರೈಟ್ ಎಂದಿರುವಲ್ಲಿ ನಿಮ್ಮ ಹೆಸರು ಹಾಕಿ.